ಕಾಕಾನ ಜಳಕದ ಹದ್ದುಬಸ್ತು

ನಮ್ಮ ಕಾಕಾ ಇಡೀ ಮೂಡಲಗಿ ತಾಲ್ಲೂಕಿನಲ್ಲೇ ಅತ್ಯಂತ ಸ್ವಚ್ಛ ಮನುಷ್ಯ. ಇದನ್ನು ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ. ವರದಿಗಾರನಾದ ನಾನು ಒಬ್ಬರೇ ಹೇಳಿದ ಮಾತನ್ನು ಅಚ್ಚಿಗೆ ಕಳಿಸುವವನಲ್ಲ. ಆದರೆ ಈ ಮಾತನ್ನು ಅಲ್ಲಗಳೆಯುವ ಸಾಕ್ಷಿ ಇದುವರೆಗೆ ಒಬ್ಬರೂ ಸಿಕ್ಕಿಲ್ಲ!

ಕುಲಗೋಡದ ಮನೆಯಲ್ಲಿ ಅವರ ಜಳಕ ಬೆಳಿಗ್ಗೆ ಆರಕ್ಕೆ ಶುರುವಾದರೆ ಮುಗಿಯುವುದು ಏಳಕ್ಕೆ. ಊರಿಗೆ ಹೋದರೂ ಸ್ವಂತ ತಂಬಿಗೆ ಚೀಲದಲ್ಲಿ ಇರಬೇಕು. ಒಮ್ಮೆ ಹುಕ್ಕೇರಿಯ ಬೀಗರ ಮನೆಯ ಮದುವೆಗೆ ಹೋದಾಗ ನಸುಕಿನಲ್ಲೇ ಎದ್ದು ಬಚ್ಚಲು ಹೊಕ್ಕರು. ಹೊರಗೆ ಬರುವ ಹೊತ್ತಿಗೆ ಒಲೆಯ ಮೇಲಿನ ಹಂಡೆ ಖಾಲಿ. ಅಕ್ಷತೆ ಬೀಳುವಾಗ ಮದುಮಗ ಗಡಗಡ ನಡುಗುತ್ತಿದ್ದ. ಜನ ಹೆದರಿಕೆ ಇರಬೇಕೆಂದು ನಕ್ಕರು. ಪಾಪ, ತಣ್ಣೀರು ಎಂದು ನಮಗಷ್ಟೇ ಗೊತ್ತು.

ಇದು ಬರೀ ಶೋಕಿಯಲ್ಲ. ಜಳಕವಾಗದೆ ಲಿಂಗಪೂಜೆ ಇಲ್ಲ, ಲಿಂಗಪೂಜೆಯಾಗದೆ ಬಾಯಿಗೆ ಒಂದು ತುತ್ತು ಇಲ್ಲ. ಎಪ್ಪತ್ತೆರಡನೆಯ ವಯಸ್ಸಿನವರೆಗೆ ಈ ನಿಯಮ ಒಂದು ದಿನವೂ ತಪ್ಪಿರಲಿಲ್ಲ.

ಇಂಥವರು ಹೋದ ಚಳಿಗಾಲದಲ್ಲಿ ಬಚ್ಚಲಲ್ಲೇ ತಲೆ ಸುತ್ತಿ ಬಿದ್ದರು. ಒಳಗಿನಿಂದ ಚಿಲಕ ಹಾಕಿತ್ತು. ಬಾಜೂ ಮನೆಯವರು ಬಂದು ಬಾಗಿಲು ಮುರಿದು ಹೊತ್ತು ತಂದರು. ಗೋಕಾಕಕ್ಕೆ ಬಂದು, ಅಲ್ಲಿಂದ ಬೆಳಗಾವಿಗೆ ಹೋದ ಮೇಲೆ ಗೊತ್ತಾಯಿತು, ಎದೆಬಡಿತ ನಡುನಡುವೆ ನಿಂತು ನಿಂತು ನಡೆಯುತ್ತಿದೆ ಎಂದು. ಎಡಗಡೆ ಹೆಗಲಿನ ಕೆಳಗೆ ಚರ್ಮ ಬಿಡಿಸಿ, ಬೆಂಕಿಪೊಟ್ಟಣದ ಗಾತ್ರದ ಪೇಸ್‌ಮೇಕರ್ ಇಟ್ಟು ಹೊಲಿದರು.

ಮರುದಿನ ಡಾಕ್ಟರು ಬಂದಾಗ ಕಾಕಾ ಏನು ಕೇಳಿರಬಹುದು? ಇನ್ನೆಷ್ಟು ವರ್ಷ ಬದುಕುತ್ತೇನೆ ಎಂದೇ? ಬ್ಯಾಟರಿ ಎಷ್ಟು ದಿನ ಬಾಳುತ್ತದೆ ಎಂದೇ?

“ಜಳಕ ಯಾವಾಗ ಮಾಡ್ಲಿರಿ?”

“ಹತ್ತ ದಿನ ಗಾಯಕ್ಕ ನೀರ ಹತ್ತಂಗಿಲ್ರಿ, ಯಜಮಾನ್ರ.”

“ಹಂಗಾದ್ರ ಹತ್ತ ದಿನ ಬಾಯಿಗಿ ಗುಳಿಗಿನೂ ಹತ್ತಂಗಿಲ್ರಿ.”

ಡಾಕ್ಟರು ಗಾಬರಿಯಾಗಿ ನನ್ನ ಮುಖ ನೋಡಿದರು. ಕಾಕಾನ ಹೆಂಡತಿ, ನಮ್ಮ ಕಾಕು, ನಡುವೆ ಬಂದು ಜಳಕ, ಪೂಜೆ, ಊಟ, ಗುಳಿಗೆ ಈ ನಾಲ್ಕರ ಸಂಬಂಧವನ್ನು ಬಿಡಿಸಿ ಹೇಳಿದರು. ಡಾಕ್ಟರು ಸ್ವಲ್ಪ ಹೊತ್ತು ಯೋಚಿಸಿ, “ಕುತ್ತಿಗಿ ಮ್ಯಾಲಿಂದು, ಹೊಕ್ಕಳ ಕೆಳಗಿಂದು ನಿಮ್ದು. ನಡುವಿಂದು ಹತ್ತ ದಿನ ನಂದು. ಬೆನ್ನು ಬೇಕಾದ್ರ ಹಿಂಡಿದ ಬಟ್ಟಿಲೆ ಒರಸ್ರಿ” ಎಂದರು.

ಆರು ಎಕರೆ ಕಬ್ಬಿನ ಒಡೆಯರಾದ ಕಾಕಾನಿಗೆ ಈ ಭಾಷೆ ಚೆನ್ನಾಗಿ ತಿಳಿಯಿತು. ಪಕ್ಕದ ಹೊಲದವರೊಡನೆ ಒಂದು ಬದುವಿಗಾಗಿ ಅವರು ಗೋಕಾಕದ ಕೋರ್ಟಿಗೆ ಹನ್ನೊಂದು ವರ್ಷ ಓಡಾಡಿದವರು. ಬಾಯಿಮಾತಿನ ಗಡಿಯನ್ನು ನಂಬುವುದುಂಟೆ? ಹದ್ದುಬಸ್ತು ಮಾಡಿಕೊಟ್ಟೇ ಹೋಗಬೇಕೆಂದು ಅಂಗಿ ಎತ್ತಿ ಕುಳಿತರು. ಡಾಕ್ಟರು ನಗುತ್ತ ಜೇಬಿನ ಪೆನ್ನು ತೆಗೆದು, ಸರ್ವೇಯರನ ಹಾಗೆ ಹೊಕ್ಕಳ ಮೇಲೊಂದು ಗೆರೆ ಎಳೆದುಕೊಟ್ಟರು.

ಡ್ರೆಸ್ಸಿಂಗಿಗೆ ಅನುಕೂಲವೆಂದು ಇಬ್ಬರನ್ನೂ ಗೋಕಾಕದ ನಮ್ಮ ಮನೆಯಲ್ಲೇ ಇಟ್ಟುಕೊಂಡೆ. ಆ ಹತ್ತು ದಿನ ಕಾಕಾ ತಮ್ಮ ಎದೆಯನ್ನು ಪರರ ಆಸ್ತಿಯಂತೆ ಕಾಯ್ದರು. ಬೆಳಿಗ್ಗೆ ಮಂಚದ ಮೇಲೆ ಅಡ್ಡ ಮಲಗಿ, ತಲೆಯನ್ನು ಅಂಚಿನಿಂದ ಹೊರಗೆ ಚಾಚುವರು. ಗೊಬ್ಬರದ ಚೀಲವೊಂದನ್ನು ತೊಳೆದು, ಸೀಳಿ, ಕುತ್ತಿಗೆಯ ಕೆಳಗೆ ಹಾಸುವುದು ನನ್ನ ಕೆಲಸ. ಕಾಕು ತಲೆಗೆ ನೀರು ಹಾಕುವರು, ಕೆಳಗೆ ನೀರು ಹಿಡಿಯಲು ಕಬ್ಬಿಣದ ಬುಟ್ಟಿ. ಆಮೇಲೆ ಸ್ಟೂಲಿನ ಮೇಲೆ ಕುಳಿತು ಸೊಂಟದ ಕೆಳಗಿನ ಜಳಕ. ಒಂದು ದಿನ ಬೆನ್ನು ಒರೆಸುತ್ತಿದ್ದ ಕಾಕುವಿನ ಕೈ ಸ್ವಲ್ಪ ಮುಂದಕ್ಕೆ ಸರಿಯಿತು.

“ಬದು ದಾಟಬ್ಯಾಡ,” ಕಾಕಾ ಗದರಿದರು. “ಅದು ಡಾಕ್ಟರ್ ಹೊಲ.”

ಪೂಜೆಗೆ ಎಡಗೈಯಲ್ಲಿ ಲಿಂಗ ಹಿಡಿಯುವುದಕ್ಕೆ ಅಡ್ಡಿ ಇರಲಿಲ್ಲ. ಕೈಯನ್ನು ಹೆಗಲಿನ ಮೇಲಕ್ಕೆ ಎತ್ತಬಾರದು, ಹಾಗೆಂದು ಅಲ್ಲಾಡಿಸದೆಯೂ ಇಡಬಾರದು ಎಂದು ಅಪ್ಪಣೆಯಾಗಿತ್ತು. ಪೂಜೆ ತಪ್ಪಲಿಲ್ಲ, ಊಟ ತಪ್ಪಲಿಲ್ಲ, ಗುಳಿಗೆ ತಪ್ಪಲಿಲ್ಲ.

ಹತ್ತು ದಿನಕ್ಕೆ ಗಾಯ ನೋಡಿದ ಡಾಕ್ಟರು ಹೊಲ ಮರಳಿ ಒಪ್ಪಿಸಿದರು, ಆದರೆ ಷರತ್ತುಗಳೊಂದಿಗೆ. ನೀರು ಉಗುರುಬೆಚ್ಚಗಿರಬೇಕು. ಗಾಯವನ್ನು ತಿಕ್ಕಬಾರದು, ಮೆತ್ತಗೆ ಒತ್ತಿ ಒರೆಸಬೇಕು. ಕುಳಿತೇ ಜಳಕ ಮಾಡಬೇಕು. ತುಂಬಿದ ಬಕೆಟ್ ಎತ್ತಬಾರದು. ಇನ್ನೂ ಒಂದು ತಿಂಗಳು ಬಚ್ಚಲಿನ ಚಿಲಕ ಹಾಕಬಾರದು. ಎಲ್ಲದಕ್ಕೂ ತಲೆಯಾಡಿಸಿದ ಕಾಕಾ ಕೊನೆಯದಕ್ಕೆ ಗೋಣು ಬಿಗಿದರು. ಚಿಲಕ ಹಾಕದೆ ಜಳಕ ಮಾಡಲು ತಾನೇನು ಎಮ್ಮೆಯೇ ಎಂಬುದು ಅವರ ಪ್ರಶ್ನೆ.

ಕಾಕು ವಾದಕ್ಕೆ ಇಳಿಯಲಿಲ್ಲ. ಅಂದು ಮಧ್ಯಾಹ್ನ ಕಾಕಾ ಮಲಗಿದ್ದಾಗ ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟರು, ಅಷ್ಟೆ. ಮರುದಿನ ಬಚ್ಚಲಿನಿಂದ ಧ್ವನಿ ಕೇಳಿತು.

“ಪೇಪರ್‌ದವರ ಮನ್ಯಾಗ ಚಿಲಕಾ ಕಳುವಾಗೇತಿ. ಇದನ್ನ ಬರೀಪಾ ನಾಳಿಗಿ.”

ಅದರ ಮರುದಿನ ಅವರು ಬಕೆಟ್ಟನ್ನು ಕಾಲಿನಿಂದ ತಳ್ಳಿ ತಳ್ಳಿ ಬಾಗಿಲಿಗೆ ಅಡ್ಡ ಇಟ್ಟರು. ಎತ್ತಬಾರದು ಅಂದಿದ್ದಾರೆಯೇ ಹೊರತು ತಳ್ಳಬಾರದು ಅಂದಿಲ್ಲವಲ್ಲ! ಆಗ ಕಾಕು ಕೊನೆಯ ಅಸ್ತ್ರ ತೆಗೆದರು. ಬಚ್ಚಲಿನ ಬಾಗಿಲ ಹೊರಗೆ ಮಣೆ ಹಾಕಿ ಕುಳಿತರು. ಮೂರು ತಂಬಿಗೆ ನೀರು ಬಿದ್ದ ಸಪ್ಪಳವಾಗುತ್ತಲೇ ಕೇಳುವರು.

“ಅದೀರೇನ್ರಿ?”

“ಅದೀನಿ.”

ಇನ್ನು ಮೂರು ತಂಬಿಗೆ. “ಅದೀರೇನ್ರಿ?”

“ಸಾಬಾಣ ಹಚ್ಕೊಂಡು ಎಲ್ಲಿ ಹೋಗ್ಲೇ ನಾ?”

ಹಾಜರಿ ಕರೆಯುವ ಮಾಸ್ತರರ ಮುಂದೆ ಕುಳಿತ ಸಾಲಿಯ ಹುಡುಗನ ಗತಿ ತನ್ನದೆಂದು ಕಾಕಾ ಬಂದವರೆಲ್ಲರ ಮುಂದೆ ದೂರುತ್ತಿದ್ದರು. ನೋಡಲು ಬಂದ ನಿಡಸೋಸಿಯ ಬೀಗರು ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು. ಕಾಕು ಮಾತ್ರ ನಗಲಿಲ್ಲ. ಒಂದು ದಿನವೂ ಮಣೆ ಬಿಟ್ಟು ಏಳಲೂ ಇಲ್ಲ.

ತಿಂಗಳು ಕಳೆಯಿತು. ಎಲ್ಲ ಸರಿಯಾಗಿದೆ, ಎಂದಿನಂತೆ ಇರಬಹುದು ಎಂದು ಡಾಕ್ಟರು ಹೇಳಿದರು. ಊರಿಗೆ ಹೊರಡುವ ಹಿಂದಿನ ದಿನ ನಾನೇ ಚಿಲಕವನ್ನು ಮತ್ತೆ ಕೂರಿಸಿದೆ. ಮರುದಿನ ಬೆಳಿಗ್ಗೆ ಕಾಕಾ ಹೆಗಲಿಗೆ ಟವೆಲ್ ಹಾಕಿಕೊಂಡು, ಕೇಸು ಗೆದ್ದ ದಿನದ ಹಾಗೆ ಬಚ್ಚಲು ಹೊಕ್ಕು, ನಮಗೆಲ್ಲ ಕೇಳುವಂತೆ ಠಣ್ ಎಂದು ಚಿಲಕ ಹಾಕಿದರು. ಕಾಕು ಮಣೆ ತಂದು ಅದೇ ಜಾಗದಲ್ಲಿ ಕುಳಿತರು.

ಇನ್ನೇಕೆ ಕಾವಲು, ಡಾಕ್ಟರೇ ಹೇಳಿದ್ದಾರಲ್ಲ ಎಂದೆ. ಕಾಕು ಬಾಗಿಲನ್ನೇ ನೋಡುತ್ತಿದ್ದರು.

“ಅವತ್ತ ತಂಬಿಗಿ ಬಿದ್ದ ಸಪ್ಪಳ ನನಗ ಕೇಳಿತ್ತಪ್ಪಾ,” ಎಂದರು. “ಕೈ ಜಾರಿ ಬಿದ್ದಿರಬೇಕು ಅನ್ಕೊಂಡೆ. ಹಂಚು ಕಾದಿತ್ತು. ಇನ್ನೆರಡು ರೊಟ್ಟಿ ಬಡದೆ. ಆಮ್ಯಾಲೆ ಎದ್ದು ಹೋದೆ.”

ಈ ಮಾತನ್ನು ಅವರು ಇದುವರೆಗೆ ಯಾರ ಮುಂದೆಯೂ ಆಡಿರಲಿಲ್ಲ. ಒಳಗೆ ನೀರಿನ ಸಪ್ಪಳ ನಿಂತಿತ್ತು. ಎಷ್ಟು ಹೊತ್ತಿನಿಂದ ನಿಂತಿತ್ತೋ, ನಾವು ಗಮನಿಸಿರಲಿಲ್ಲ. ಕಾಕು ಗಾಬರಿಯಿಂದ ಏಳುವಷ್ಟರಲ್ಲಿ ಚಿಲಕ ಮೆಲ್ಲಗೆ ಹಿಂದಕ್ಕೆ ಸರಿಯಿತು. ಬಾಗಿಲು ತೆರೆಯಲಿಲ್ಲ.

ಯಾರೂ ಕೇಳಿರಲಿಲ್ಲ. ಆದರೂ ಒಳಗಿನಿಂದ ಕಾಕಾ, “ಅದೀನಿ” ಎಂದರು.