ಹೂಂಗುಟ್ಟಿದ ಗುಡಾಣ

ಇನ್ನಾರು ತಿಂಗಳಲ್ಲಿ ಸಾಲಿಗ್ರಾಮದ ಹೆಂಗಸರೆಲ್ಲ ಮಲ್ಲಿಗೆ ಮೊಗ್ಗಿಗಾಗಿ ತನ್ನ ಹಿತ್ತಿಲ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲಬೇಕು, ಅಂಥ ಮಣ್ಣು ಕಲಸುತ್ತೇನೆ ಎಂದು ನೀಲಾಂಬಿಕೆ ಒಲೆಯ ಮುಂದೆ ಕೂತು ಶಪಥ ಮಾಡಿದಳು. ಕೇಳಿಸಿಕೊಂಡವರು ಇಬ್ಬರು: ಅತ್ತೆ ಶಿವರುದ್ರಮ್ಮ ಮತ್ತು ಒಲೆಯ ಮೇಲಿದ್ದ ಹಾಲು. ಹಾಲು ಉಕ್ಕಿ ಒಲೆಗೆ ಸುರಿಯಿತು. ಅತ್ತೆ ಎದ್ದು ಪಾತ್ರೆ ಇಳಿಸಿದರು.

ಬೆಲ್ಲದ ವ್ಯಾಪಾರಿ ಬೆಟ್ಟಸ್ವಾಮಿಗೆ ಅವಳು ಎರಡನೆಯವಳಾಗಿ ಬಂದು ನಾಲ್ಕು ತಿಂಗಳಾಗಿತ್ತು. ಮೊದಲನೆಯವಳು ಸರ್ವಮಂಗಳ, ಎರಡು ವರ್ಷದ ಹಿಂದೆ ಜ್ವರದಲ್ಲಿ ಹೋಗಿದ್ದಳು. ಹೋಗಿದ್ದಳು ಎಂಬುದು ಊರಿನವರ ಮಾತು. ಮನೆಯಲ್ಲಿ ಅವಳೇ ತುಂಬಿದ್ದಳು. ಉಪ್ಪಿನ ಮರಿಗೆಯ ಹಲಗೆ ಅವಳ ಎತ್ತರಕ್ಕಿತ್ತು, ನೀಲಾಂಬಿಕೆ ತುದಿಗಾಲಲ್ಲಿ ನಿಲ್ಲಬೇಕು. ರುಬ್ಬುವ ಗುಂಡು ಅವಳ ಅಂಗೈಗೆ ಸವೆದಿತ್ತು. ಕೊನೆಗೆ ಇವಳ ತಾಳಿಯ ದಾರದಲ್ಲೂ, ಪದ್ಧತಿಯಂತೆ, ಸತ್ತ ಸವತಿಯ ಹೆಸರಿನ ಒಂದು ಬೆಳ್ಳಿ ಬಿಲ್ಲೆ ತೂಗುತ್ತಿತ್ತು. ಆದರೆ ಅವಳ ಹೆಸರನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಇಂಥ ಮನೆಯಲ್ಲಿ ತನ್ನದು ಎನ್ನುವಂಥದ್ದು ಒಂದಾದರೂ ಇರಬೇಕು, ಒಂದು ಹೂವಿನ ಗಿಡವಾದರೂ ಸರಿ ಎಂಬುದು ನೀಲಾಂಬಿಕೆಯ ಆಸೆ.

ಹಿತ್ತಿಲಲ್ಲಿ ಸರ್ವಮಂಗಳ ಗಿಡ ನೆಟ್ಟಿದ್ದ ಕುಂಡಗಳಿದ್ದವು. ತಳ ತೂತಾದ ಸೀಮೆಎಣ್ಣೆ ಡಬ್ಬ, ಒಡಕು ಬಾನಿ, ಅವೆಲ್ಲಕ್ಕೂ ಹಿರಿಯನಂತೆ ಸೊಂಟದೆತ್ತರದ ಒಂದು ಮಣ್ಣಿನ ಗುಡಾಣ. ಗಿಡಗಳು ಅವಳ ಹಿಂದೆಯೇ ಒಣಗಿದ್ದವು. ಮಣ್ಣು ಇಟ್ಟಿಗೆಯಂತಾಗಿತ್ತು. ನೀಲಾಂಬಿಕೆ ಹಾರೆ ತಂದಳು.

"ಆ ಮಣ್ಣ ಅವ್ಳು ಕೈಯಾರ ಕಲ್ಸಿದ್ದು ಕಣವ್ವ. ಅಂಗೇ ಇರ್ಲಿ ಬುಡು. ಮೇಲೆ ಒಸಿ ಗೊಬ್ಬರ ಹಾಕು," ಎಂದರು ಶಿವರುದ್ರಮ್ಮ.

"ಅದ್ರಲ್ಲಿ ಸಾರವೇ ಇಲ್ಲ ಅತ್ತೆ. ಸತ್ತ ಮಣ್ಣು. ಮಣ್ಣು ಅಂದ್ರೆ ಬರೀ ಮಣ್ಣು, ಅದಕ್ಕೇನು ನೆಂಟಸ್ತನ?"

ಪಿರಿಯಾಪಟ್ಟಣದ ಶಾಲೆಯಲ್ಲಿ ಎಲ್.ಎಸ್. ಪರೀಕ್ಷೆ ಪಾಸು ಮಾಡಿದ ಹುಡುಗಿ ಅವಳು. ಹಳೆಯ ಮಣ್ಣೆಲ್ಲ ಕೆದಕಿ ಬೀದಿಯ ಹೊಂಡಕ್ಕೆ ಸುರಿದಳು. ಅತ್ತೆ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಒಳಗೆ ಹೋದರು.

ಗ್ರಾಮಸೇವಕರು ಹಂಚಿದ ಕರಪತ್ರವೊಂದು ಅವಳ ಬಳಿ ಇತ್ತು. ಕೆರೆಯ ತಳದ ಗೋಡುಮಣ್ಣು ಎರಡು ಪಾಲು, ತಿಪ್ಪೆಯ ಹಳೆ ಗೊಬ್ಬರ ಒಂದು ಪಾಲು, ಹೊಳೆ ಮರಳು ಅರ್ಧ ಪಾಲು, ಮೇಲಿಷ್ಟು ಬೂದಿ, ಹೊಂಗೆ ಹಿಂಡಿ. ಗಾಡಿಯ ನಿಂಗಯ್ಯ ಬತ್ತಿದ ಕೆರೆಯಿಂದ ಗೋಡು ತಂದು ಸುರಿದ. ಹೆಂಟೆಗಳು ಒಂದೊಂದೂ ಕುಂಬಳಕಾಯಿಯಷ್ಟು. ಪುಡಿ ಮಾಡಿ ಜರಡಿ ಹಿಡಿಯಿರಿ ಎಂದಿತ್ತು ಕರಪತ್ರ. ನೀಲಾಂಬಿಕೆ ಡಬ್ಬಗಳಿಗೆ ಆಗುವಷ್ಟು ಕುಟ್ಟುವುದರಲ್ಲೇ ಅಂಗೈ ಬೊಬ್ಬೆ ಎದ್ದಿತು. ಗುಡಾಣದ ಹೊಟ್ಟೆಯೊಳಗೆ ಯಾರು ನೋಡುತ್ತಾರೆ ಎಂದು ನಾಲ್ಕು ಹೆಂಟೆಗಳನ್ನು ಇಡಿಯಾಗಿಯೇ ಇಳಿಬಿಟ್ಟಳು. ಗೊಬ್ಬರವೂ ಹಳೆಯದು ಸಾಲದೆ ಹಸಿಯದನ್ನೇ ಬೆರೆಸಿದಳು. ಹಿಂಡಿ ಒಂದು ಹಿಡಿ ಎಂದಿದ್ದಲ್ಲಿ, ಗಿಡ ಹೊಟ್ಟೆ ತುಂಬ ಉಣ್ಣಲಿ ಎಂದು ಒಂದು ಮೊರ ಸುರಿದಳು. ಮಲ್ಲಿಗೆಯ ಕಡ್ಡಿ ನೆಟ್ಟು, ಐದು ಕೊಡ ನೀರು ಹೊಯ್ದು, ದಿಗ್ವಿಜಯ ಮುಗಿಸಿದವಳಂತೆ ಕೈ ತೊಳೆದಳು.

ಮೂರನೆಯ ಬೆಳಗ್ಗೆ ಗುಡಾಣದ ಬಾಯಿಂದ ಹೊಗೆಯಾಡುತ್ತಿತ್ತು. ಮುಟ್ಟಿದರೆ ಮಣ್ಣು ಜ್ವರ ಬಂದ ಹಣೆಯ ಹಾಗೆ ಬೆಚ್ಚಗಿತ್ತು. ನಾಲ್ಕನೆಯ ಬೆಳಗ್ಗೆ ಅದರ ಮೇಲೆ ಬೆಳ್ಳಗೆ, ನವಿರಾಗಿ, ಬಾಚದೆ ಬಿಟ್ಟ ಮುದಿಕೂದಲಿನಂಥ ಬೂಜು ಹರಡಿತ್ತು. ಮಲ್ಲಿಗೆಯ ಕಡ್ಡಿ ನೆಟ್ಟ ಜಾಗದಿಂದ ಮೂರು ಬೆರಳು ಸರಿದಿತ್ತು. ಅದೇ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಗುಡಾಣದ ಒಳಗಿನಿಂದ ಯಾರೋ ನಿಧಾನವಾಗಿ ಅಂದರು:

"ಹೂಂ."

ನೀಲಾಂಬಿಕೆ ದೀಪವನ್ನು ಅಲ್ಲೇ ಇಟ್ಟು ಒಳಗೆ ಓಡಿದಳು.

"ರೀ, ಗುಡಾಣ ನರಳ್ತಾ ಅದೆ," ಎಂದಳು ಗಂಡನಿಗೆ.

ಬೆಟ್ಟಸ್ವಾಮಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಏನೇನ್ ಹಾಕ್ದೆ ಅದರ ಹೊಟ್ಟೆಗೆ?"

"ಗೋಡು, ಗೊಬ್ಬರ, ಬೂದಿ, ಒಂದು ಮೊರ ಹಿಂಡಿ."

"ಅಷ್ಟು ತಿಂದ್ರೆ ನಾನೂ ನರಳ್ತೀನಿ ಕಣೆ."

ನಗುತ್ತಲೇ ಎದ್ದು ಹೋಗಿ ಗುಡಾಣಕ್ಕೆ ಕಿವಿಯಿಟ್ಟ. ನಗು ಹಾಗೆಯೇ ಮುಖದ ಮೇಲೆ ಮರೆತುಹೋಗಿ ಉಳಿಯಿತು. ಮರುದಿನ ಕೋಳಿ ಕೂಗುವ ಮೊದಲೇ, ಹುಣಸೂರಿನಲ್ಲಿ ಬೆಲ್ಲಕ್ಕೆ ಒಳ್ಳೆ ಧಾರಣೆಯಿದೆಯೆಂದು ಗಾಡಿ ಹೂಡಿಸಿದ.

"ನನ್ನೊಬ್ಬಳನ್ನೇ ಇದರ ಜೊತೆ ಬಿಟ್ಟು ಹೋಗ್ತೀರಾ?"

"ನೀವಿಬ್ರು ಅಕ್ಕ-ತಂಗೀರೂ ಏನಾರ ಮಾತಾಡ್ಕೊಳಿ. ನಡುವೆ ನಾನ್ ಬರಾಕಿಲ್ಲ," ಎಂದ, ಗುಡಾಣದ ಕಡೆ ನೋಡದೆ.

ಇನ್ನು ಮಣ್ಣು ಬರೀ ಮಣ್ಣಾಗಿ ಉಳಿಯಲಿಲ್ಲ. ತಾನು ಬೀದಿಗೆ ಚೆಲ್ಲಿದ್ದು ಯಾರ ಕೈಯ ಮಣ್ಣು ಎಂಬುದು ನೀಲಾಂಬಿಕೆಗೆ ಹಗಲಿಡೀ ಎದೆಯಲ್ಲಿ ಚುಚ್ಚಿತು. ಸಂಜೆ ಕುಂಕುಮ, ಎರಡು ಹಸಿರು ಬಳೆ, ಒಂದು ಹಿಡಿ ಸಕ್ಕರೆ ಹಿಡಿದು ಹಿತ್ತಿಲಿಗೆ ಬಂದಳು. ಗುಡಾಣದ ಹಣೆಗೆ ಕುಂಕುಮವಿಟ್ಟು, ಮಿಕ್ಕ ಕುಂಕುಮ, ಬಳೆ, ಸಕ್ಕರೆಯನ್ನು ಮಣ್ಣಿನ ಮೇಲಿಟ್ಟಳು.

"ತಪ್ಪಾಯ್ತು ಅಕ್ಕ. ನಿಮ್ಮ ಮಣ್ಣ ಚೆಲ್ಬಾರದಿತ್ತು."

"ಹೂಂ."

"ಕೋಪ ಇದ್ಯಾ?"

ಗುಡಾಣ ಸುಮ್ಮನಿತ್ತು. ಅವಳಿಗೆ ಧೈರ್ಯ ಬಂದಿತು. ಎರಡು ಸಂಜೆ ಕಳೆಯುವುದರೊಳಗೆ ಹೆದರಿಕೆ ಹೋಗಿ ಸಲಿಗೆ ಬೆಳೆಯಿತು. ನಾಲ್ಕು ತಿಂಗಳಲ್ಲಿ ಯಾರೊಂದಿಗೂ ಆಡದ ಮಾತುಗಳು ಒಂದೊಂದಾಗಿ ಹೊರಬಂದವು.

"ಅತ್ತೆ ನಿಮ್ಗೂ ಸಾರಿಗೆ ಹುಳಿ ಸಾಲ್ದು ಅಂತಿದ್ರಾ ಅಕ್ಕ? ಅವ್ರು ಮಾಡಿದ ಸಾರು ಬಾಯಿಗಿಟ್ರೆ ಹಲ್ಲೇ ಜುಂ ಅಂತದೆ."

"ಹೂಂ."

"ಇವ್ರು ಗೊರಕೆ ಹೊಡೆದ್ರೆ ಜಂತೆ ಅದುರ್ತದೆ. ಹೆಂಗೆ ನಿದ್ದೆ ಮಾಡ್ತಿದ್ರಿ?"

"ಹೂಂ. ಹೂಂ."

ಎಂಟನೆಯ ದಿನ ಬೆಳಗ್ಗೆ ಮನೆಯಲ್ಲಿ ಯಾರೂ ಇರಲಿಲ್ಲ. ಬಿಸಿಲು ಹಿತ್ತಿಲನ್ನು ಅರ್ಧ ತುಂಬಿತ್ತು. ಎಷ್ಟೋ ದಿನದಿಂದ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಅವಳು ಮೆಲ್ಲಗೆ ಕೇಳಿದಳು. "ಅಕ್ಕ, ಇದು ನಿಮ್ಮ ಮನೆ. ನಾನೂ ಇಲ್ಲಿ ಇರ್ಲಾ?"

ಬಹಳ ಹೊತ್ತಿನ ಮೇಲೆ, ಬಹಳ ಮೆತ್ತಗೆ: "ಹೂಂ."

ನೀಲಾಂಬಿಕೆ ಗುಡಾಣಕ್ಕೆ ಕೆನ್ನೆಯಾನಿಸಿ ಅತ್ತಳು.

ಆ ಸಂಜೆ ಮೊದಲ ಮಳೆ ಬಿತ್ತು. ಗುಡಾಣದ ಮಣ್ಣು ಉಸಿರೆಳೆದಂತೆ ಉಬ್ಬಿತು, ಬಿರಿಯಿತು. ಬಿರುಕಿನಿಂದ ಎರಡು ಕಣ್ಣು, ಆಮೇಲೆ ಒಂದು ಅಗಲವಾದ ಬಾಯಿ, ಆಮೇಲೆ ತೆಂಗಿನಕಾಯಿಯ ಹೋಳಿನಷ್ಟು ದಪ್ಪದ ಕಪ್ಪೆಯೊಂದು ಮೇಲೆ ಬಂದು ಕೂತಿತು. ತಲೆಗೆ ಕುಂಕುಮ ಮೆತ್ತಿತ್ತು, ಕಾಲಿಗೆ ಹಸಿರು ಬಳೆ ಸಿಕ್ಕಿಕೊಂಡಿತ್ತು. ಅದು ನೀಲಾಂಬಿಕೆಯನ್ನು ನೋಡಿ, ಹಳೆಯ ಪರಿಚಯದವರಂತೆ ಅಂದಿತು: "ಹೂಂ."

ಹಿಂದೆ ಸೊಂಟಕ್ಕೆ ಕೈಯಿಟ್ಟುಕೊಂಡು ಶಿವರುದ್ರಮ್ಮ ನಿಂತಿದ್ದರು.

"ಗೋಡಿನ ಕಪ್ಪೆ ಕಣವ್ವ. ಕೆರೆ ಬತ್ತಿದ್ರೆ ಹೆಂಟೆ ಒಳಗೆ ಮಲಗ್ತವೆ, ನೀರು ಬಿದ್ರೆ ಏಳ್ತವೆ. ಹೆಂಟೆ ಒಡೀದೆ ಹಾಕಿದ್ದಿ."

"ನಿಮ್ಗೆ ಗೊತ್ತಿತ್ತಾ?"

"ಮೊದಲ್ನೇ ಸಂಜೇಲೇ."

"ಒಂದ್ ಮಾತು ಹೇಳ್ಬಾರದಿತ್ತಾ ಅತ್ತೆ?"

ಶಿವರುದ್ರಮ್ಮ ಮಳೆಯ ಕಡೆ ಮುಖ ತಿರುಗಿಸಿದರು. "ಎರಡು ವರ್ಷದಿಂದ ಈ ಮನೇಲಿ ಅವ್ಳ ಕೂಡೆ ಯಾರೂ ಮಾತಾಡಿರಲಿಲ್ಲ. ನೀನು ಅಕ್ಕ ಅಂತಿದ್ದೆ. ಗೋಡೆ ಮರೇಲಿ ಕೂತು ಕೇಳ್ತಿದ್ದೆ."

"ಎಲ್ಲಾನೂ ಕೇಳಿಸ್ಕೊಂಡ್ರಾ?"

"ಸಾರಿಂದೂವೆ."

ನೀಲಾಂಬಿಕೆಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ತಲೆ ತಗ್ಗಿಸಿಕೊಂಡೇ ಅಂದಳು. "ಹಂಗಾದ್ರೆ ಬೆಳಗ್ಗೆ ಇರ್ಲಾ ಅಂತ ಕೇಳ್ದಾಗ ಹೂಂ ಅಂದಿದ್ದು ನೀವೇನಾ ಅತ್ತೆ?"

"ಬೆಳಗ್ಗೆ?" ಶಿವರುದ್ರಮ್ಮ ತಿರುಗಿದರು. "ಬೆಳಗ್ಗೆ ನಾನು ಹೊಳೇಲಿದ್ದೆ ಕಣವ್ವ."

"ಮತ್ತೆ ಕಪ್ಪೆ?"

"ಬಿಸಿಲಲ್ಲಿ ಕಪ್ಪೆ ಕೂಗಾಕಿಲ್ಲ."

ಕಪ್ಪೆ ಒಮ್ಮೆ ಹಾರಿ ಬಳೆಯ ಸಮೇತ ಕತ್ತಲಲ್ಲಿ ಕರಗಿಹೋಯಿತು. ಗುಡಾಣ ಬಿರಿದ ಮಣ್ಣಿನ ಬಾಯಿ ತೆರೆದುಕೊಂಡು ನಿಂತಿತು. ಅತ್ತೆ, ಸೊಸೆ ಇಬ್ಬರೂ ಅದನ್ನೇ ನೋಡುತ್ತ ಮಳೆಯಲ್ಲಿ ನೆನೆದರು. ಆಮೇಲೆ ಶಿವರುದ್ರಮ್ಮ ಸೆರಗನ್ನು ತಲೆಯ ಮೇಲೆಳೆದುಕೊಂಡು, ಬಾಗಿ, ಬಲು ಮೆತ್ತಗಿನ ದನಿಯಲ್ಲಿ ಗುಡಾಣಕ್ಕೆ ಹೇಳಿದರು:

"ಮಂಗಳಾ, ಸಾರಿನ ವಿಚಾರದಾಗೆ ಇವ್ಳು ಹೇಳಿದ್ದೆಲ್ಲ ನಂಬಬ್ಯಾಡ ಕಣವ್ವ."

ನೀಲಾಂಬಿಕೆ ಉತ್ತರಕ್ಕೆ ಕಿವಿಗೊಟ್ಟು ನಿಂತಳು.