ಎಡಗಡೆ ನೋಡೇ

ನನ್ನ ಹೆಸರು ಕುಸುಮಾ, ವಯಸ್ಸು ಐವತ್ತೊಂದು, ವಾಸ ಚಾಮರಾಜಪೇಟೆ. ಇದುವರೆಗೆ ಮುನ್ನೂರ ಹನ್ನೆರಡು ಜನರನ್ನು ಗುಂಡಿಕ್ಕಿ ಕೊಂದಿದ್ದೇನೆ. (ಮಗ ನಿಶಾಂತನ ಕಂಪ್ಯೂಟರಿನಲ್ಲಿ. ಪೊಲೀಸರಿಗೆ ಫೋನ್ ಮಾಡಬೇಡಿ.)

ಇದಕ್ಕೆಲ್ಲ ಮೂಲಕಾರಣ ನನ್ನ ಅತ್ತೆ ಲಕ್ಕಮ್ಮನವರು. ಇಪ್ಪತ್ತಾರು ವರ್ಷ ನಾನು ಒಲೆಯ ಮುಂದೆ, ಅವರು ನನ್ನ ಬೆನ್ನ ಹಿಂದೆ. "ಎಡಗಡೆ ನೋಡೇ, ಹಾಲು ಉಕ್ತಾ ಇದೆ" ಎಂಬುದು ಅವರ ನಿತ್ಯದ ಸುಪ್ರಭಾತ. ಅವರು ಹೋಗಿ ಐದು ವರ್ಷವಾದರೂ ಅಡಿಗೆಮನೆಯಲ್ಲಿ ನನ್ನ ಕತ್ತಿನ ಹಿಂಭಾಗ ತಣ್ಣಗಾಗುವುದು ನಿಂತಿರಲಿಲ್ಲ. ಮಗ ಊಟ ಬಿಟ್ಟು ಆಡುವ ಆಟವಾದರೂ ಯಾವುದು ಎಂದು ಒಂದು ಮಧ್ಯಾಹ್ನ ಇಣುಕಿ ನೋಡಿದೆ. ಮಂಜು ಕವಿದ ಹಾಳೂರು, ಮುರಿದ ಗೋಡೆಗಳು, ಕೈಯಲ್ಲಿ ಬಂದೂಕು. ಉಪ್ಪು ಜಾಸ್ತಿಯಾಯಿತು ಎನ್ನುವವರು ಅಲ್ಲಿ ಒಬ್ಬರೂ ಇಲ್ಲ. ಅಂದಿನಿಂದ ಮಗ ಕಾಲೇಜಿಗೆ, ಗಂಡ ಶಿವಶಂಕರ್ ಕೃಷ್ಣರಾಜ ಮಾರುಕಟ್ಟೆಯ ತರಕಾರಿ ಮಂಡಿಗೆ, ನಾನು ರಣರಂಗಕ್ಕೆ.

ಹೊರಗಿನ ಯುದ್ಧ ಬೇರೆಯೇ ಇತ್ತು. ನನ್ನ ಗಂಡನ ಅಕ್ಕ ಶೈಲಜಮ್ಮನಿಗೂ ನನಗೂ ನಾಲ್ಕು ವರ್ಷದಿಂದ ಮಾತಿಲ್ಲ. ಅತ್ತೆಯ ತಿಥಿಯ ದಿನ ವಡೆ ಕಲ್ಲಿನಂತಾಯಿತು. ತಪ್ಪು ನನ್ನದೆಂದು ಅವರು, ಹಿಟ್ಟು ರುಬ್ಬಿದ್ದು ನೀವೇ ಎಂದು ನಾನು. ಈಗ ಅವರ ಮಗನ ಮದುವೆ. ಮನೆಗೆ ಬಂದು ಕುಂಕುಮ ಇಟ್ಟು ಕರೆದರೆ ಸರಿ, ಇಲ್ಲದಿದ್ದರೆ ನೀವೂ ಹೋಗುವಂತಿಲ್ಲ ಎಂದು ಗಂಡನಿಗೆ ಆಜ್ಞೆ ಹೊರಡಿಸಿದ್ದೆ. ಗಂಡಿನ ಸೋದರಮಾವನಿಗೇ ಹೋಗುವ ಭಾಗ್ಯವಿಲ್ಲ ಎಂದು ಅವರು ಊಟ ಕಡಿಮೆ ಮಾಡಿದ್ದರು. ನಿಜ ಹೇಳಬೇಕೆಂದರೆ, ಆಕೆ ಬರಲಿ ಎಂದು ನಾನೂ ದಿನಾ ಕಾಯುತ್ತಿದ್ದೆ.

ಆ ಗುರುವಾರ ಮಧ್ಯಾಹ್ನ ಒಂದು ಗಂಟೆ. ಮುಂಬಾಗಿಲಿಗೆ ಚಿಲಕ ಹಾಕಿ, ಕಿವಿಗೆ ಹೆಡ್‌ಫೋನ್ ಏರಿಸಿ, ಹುಲ್ಲಿನಲ್ಲಿ ಹೊಟ್ಟೆಯ ಮೇಲೆ ಮಲಗಿದ್ದೆ. (ಆಟದಲ್ಲಿ. ನಿಜದಲ್ಲಿ ಹಾಗೆ ಮಲಗಿದರೆ ಏಳಿಸಲು ಇಬ್ಬರು ಬೇಕು.) ಉಳಿದಿದ್ದವನು ಒಬ್ಬನೇ ಶತ್ರು. ಹಿಂದೆ ಮೆಲ್ಲನೆಯ ಹೆಜ್ಜೆಸಪ್ಪಳ. ತಿರುಗಿದೆ, ಬರೀ ಮಂಜು. ಬಳೆಯ ಸದ್ದು ಕೇಳಿದಂತಾಯಿತು. ಬಳೆ ತೊಟ್ಟು ಯಾವ ಸೈನಿಕ ಬರುತ್ತಾನೆ? ಹಣೆಗೆ ಏನೋ ತಣ್ಣಗೆ ತಗುಲಿತು. ನೊಣವೆಂದು ಕೈ ಬೀಸಿದೆ. ಮಡಿಲು ಭಾರವಾಯಿತು, ಕಾಲು ಜೋಮು ಹಿಡಿಯಿತೆಂದುಕೊಂಡೆ.

ಸಪ್ಪಳ ದೂರವಾಯಿತು. ಸ್ವಲ್ಪ ಹೊತ್ತಿನ ಮೇಲೆ, ಕಿವಿಯ ಒಳಗೇ ಒಂದು ದನಿ: "ಎಡಗಡೆ ನೋಡೇ."

ಇಪ್ಪತ್ತಾರು ವರ್ಷದ ಅಭ್ಯಾಸ, ತಟ್ಟನೆ ಎಡಕ್ಕೆ ತಿರುಗಿದೆ. ನೀರಿನ ತೊಟ್ಟಿಯ ಹಿಂದೆ ಅವನು ನಿಂತಿದ್ದ. ಹೊಡೆದೆ, ಗೆದ್ದೆ. ಆಮೇಲೆ ಆ ದನಿ ಯಾರದೆಂದು ನೆನಪಾಯಿತು.

ಹೆಡ್‌ಫೋನ್ ತೆಗೆದೆ. ಮನೆ ನಿಶ್ಶಬ್ದ. ಕಪ್ಪಾದ ಪರದೆಯಲ್ಲಿ ನನ್ನ ಮುಖ ಕಂಡಿತು. ಹಣೆಯ ಮೇಲೆ ಅತ್ತೆ ಇಡುತ್ತಿದ್ದಷ್ಟೇ ದೊಡ್ಡ ಕುಂಕುಮ. ಮಡಿಲಲ್ಲಿ ತೆಂಗಿನಕಾಯಿ. ಎದ್ದ ರಭಸಕ್ಕೆ ಅದೂ, ಜೊತೆಗಿದ್ದ ಇನ್ನೇನೋ ಒಂದೂ ಮಂಚದ ಕೆಳಗೆ ಹೋದವು. ಬಗ್ಗಿ ನೋಡುವ ಧೈರ್ಯ ಮುನ್ನೂರ ಹನ್ನೆರಡು ಜನರನ್ನು ಕೊಂದವಳಿಗೆ ಇರಲಿಲ್ಲ. ಮುಂಬಾಗಿಲ ಚಿಲಕ ಹಾಕಿದ ಹಾಗೆಯೇ ಇತ್ತು. ನಡುಮನೆಯಲ್ಲಿ ಅತ್ತೆಯ ಫೋಟೋದ ಹಾರ ಗಾಳಿಯಿಲ್ಲದೆ ತೂಗುತ್ತಿತ್ತು.

ಎರಡು ಗಂಟೆಗೆ ಗಂಡ ಬಂದರು.

"ಅತ್ತೆ ಬಂದಿದ್ರು ಕಣ್ರೀ."

"ಯಾವ ಅತ್ತೆ?"

"ನಂಗೆ ಎಷ್ಟು ಜನ ಅತ್ತೇರು? ನಿಮ್ಮಮ್ಮ."

ನನ್ನ ಹಣೆ ನೋಡಿ ಅವರು ತರಕಾರಿ ಚೀಲದ ಸಮೇತ ಕುಸಿದು ಕೂತರು. "ಮೊಮ್ಮಗನ ಮದುವೆಗೆ ಅಮ್ಮನೇ ಬಂದು ಕರೆದಿದಾಳೆ. ಇನ್ನೂ ಹಟ ಮಾಡ್ತೀಯಾ?"

ಮಾಡಲಿಲ್ಲ. ತಕ್ಷಣ ಶೈಲಜಮ್ಮನಿಗೆ ಫೋನ್ ಮಾಡಿದೆ. "ಅತ್ತಿಗೆ, ವಡೆ ಗಟ್ಟಿಯಾಗಿದ್ದು ನನ್ನಿಂದಾನೇ. ತಪ್ಪಾಯ್ತು. ನೀವು ಕರೀದೇ ಇದ್ರೂ ಮದುವೆಗೆ ಬರ್ತೀವಿ."

ಅವರು ಆ ಕಡೆಯಿಂದ ರೇಗಿದರು.

"ಕರೀದೇ ಇದ್ರೂನಾ? ಒಂದೂವರೆಗೆ ರಾಹುಕಾಲ ಅಂತ ಆ ಬಿಸಿಲಲ್ಲಿ ಓಡಿ ಬಂದು, ನಿನ್ನ ಹಣೆಗೆ ಕುಂಕುಮ ಇಟ್ಟು, ಮಡಿಲಿಗೆ ಕಾಯಿ, ಕಾರ್ಡು ಹಾಕಿ ಬಂದಿದೀನಿ. ನೀನು ಯಾರಿಗೋ ಗುಂಡು ಹೊಡೀತಾ ಕೂತಿದ್ದೆ. ನನ್ನ ಕೈಗೂ ಒಂದು ಹೊಡೆದೆ."

"ಬಾಗಿಲು ಚಿಲಕ ಹಾಕಿತ್ತಲ್ಲ?"

"ಹಿತ್ತಲ ಬಾಗಿಲ ಸಂದಿಗೆ ಕೈ ತೂರಿಸಿದ್ರೆ ಚಿಲಕ ಸಿಗತ್ತೆ. ನಾನು ಹುಟ್ಟಿದ ಮನೆ ಕಣೇ ಅದು."

ಹೋದ ಜೀವ ಬಂದಂತಾಯಿತು. ಆದರೆ ನಾಲ್ಕು ವರ್ಷ ಕಾಪಾಡಿಕೊಂಡಿದ್ದ ವಡೆಯ ಗುಟ್ಟು ಸುಮ್ಮನೆ ಕೈತಪ್ಪಿತಲ್ಲ ಎಂದು ಹೊಟ್ಟೆ ಉರಿಯಿತು. ಸಾವರಿಸಿಕೊಂಡು, "ನಿಮ್ಮದೂ ಅತ್ತೆಯ ಗಂಟಲೇ ಅತ್ತಿಗೆ, ಹೆದರಿಬಿಟ್ಟೆ. ಎಡಗಡೆ ನೋಡು ಅಂದ್ರಲ್ಲ, ಅದಕ್ಕೇ ಗೆದ್ದೆ" ಎಂದೆ.

"ನಾನೆಲ್ಲಿ ಅಂದೆ? ನೀನು ತಪ್ಪು ಒಪ್ಕೊಳ್ಳೋವರೆಗೂ ನಿನ್ನ ಹತ್ರ ಮಾತಾಡಲ್ಲ ಅಂತ ಅಮ್ಮನ ಮೇಲೆ ಆಣೆ ಇಟ್ಟಿದ್ದೆ. ತುಟಿ ಬಿಚ್ಚದೆ ಕರೆದು ಬಂದೆ."

ಫೋನ್ ಹಿಡಿದುಕೊಂಡು ನಾನು ಫೋಟೋದ ಕಡೆ ನೋಡಲೇ ಇಲ್ಲ.

ಮದುವೆ ಚೆನ್ನಾಗಿ ಆಯಿತು. ನನ್ನ ಗಂಡ ಪೇಟ ಸುತ್ತಿಕೊಂಡು ಮಂಟಪದಲ್ಲಿ ಮೆರೆದರು. ಶೈಲಜಮ್ಮ ಎಲ್ಲರೆದುರು ನನ್ನ ಎಲೆಗೆ ಎರಡು ವಡೆ ಜಾಸ್ತಿ ಬಡಿಸಿದರು. ಹದಿನೈದು ದಿನ ನಾನು ಕಂಪ್ಯೂಟರ್ ಮುಟ್ಟಲಿಲ್ಲ. ನಿನ್ನೆ ತಡೆಯಲಾರದೆ ಕೂತೆ. ಅದೇ ಮಂಜು, ಅದೇ ಹಾಳೂರು. ಐದು ನಿಮಿಷವೂ ಆಗಿರಲಿಲ್ಲ.

"ಎಡಗಡೆ ನೋಡೇ."

ಬಂದೂಕು ಎತ್ತಿ ಎಡಕ್ಕೆ ತಿರುಗಿದೆ. ಶತ್ರುವಿನ ಸುಳಿವೇ ಇರಲಿಲ್ಲ. ಹೆಡ್‌ಫೋನ್ ಕಿತ್ತು ಕುರ್ಚಿಯಿಂದ ಎಡಕ್ಕೆ ನೋಡಿದೆ, ಅಲ್ಲಿ ನಮ್ಮ ಅಡಿಗೆಮನೆ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.