ಏಳನೇ ಗೂಟ

ಎಲ್ಲಕ್ಕೂ ಕಾರಣ ಒಂದು ಇಲಿ. ಮನೆಯಲ್ಲಿ ತಿನ್ನಲು ಬೇರೇನೂ ಇರಲಿಲ್ಲವೆಂದಲ್ಲ. ಆದರೂ ಅದು ಅಟ್ಟ ಹತ್ತಿ, ಗೋಣಿಚೀಲ ಕಡಿದು, ಒಳಗಿದ್ದ ಎರಡು ಲೈಫ್ ಜಾಕೆಟ್‌ಗಳಲ್ಲಿ ಒಂದರ ಹೊಟ್ಟೆ ಬಗೆದು ಮರಿ ಹಾಕಿತ್ತು. ಅದಕ್ಕೆ ಕಟ್ಟಿದ್ದ ಸೀಟಿಯನ್ನೂ ದಾರದ ಸಮೇತ ಎಲ್ಲಿಗೋ ಎಳೆದುಕೊಂಡು ಹೋಗಿತ್ತು.

ಇದು ಗಡಿಯಾರಪ್ಪನಿಗೆ ಗೊತ್ತಾದದ್ದು ದೋಣಿ ತಪಾಸಣೆಯ ದಿನ, ಮಧ್ಯಾಹ್ನ ಎರಡೂಕಾಲಿಗೆ.

ಗಡಿಯಾರ ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದೇ ಹಾಗೆ. ಕೆರೆಯ ದಂಡೆಯಲ್ಲಿ ದೋಣಿ ಕಟ್ಟಲು ಇದ್ದದ್ದು ಹನ್ನೆರಡೇ ಗೂಟ. ಒಂದು ಖಾಲಿಯಾಗುವವರೆಗೆ ಸರದಿಯಲ್ಲಿ ಕಾಯಬೇಕು. ಆರು ವರ್ಷ ಅವನ ದೋಣಿ ಮನೆಯ ನಡುಕೋಣೆಯಲ್ಲೇ ಮಲಗಿತ್ತು. ಹೆಂಡತಿ ಅದರಲ್ಲಿ ಈರುಳ್ಳಿ ಹರಡಿದಳು, ಒದ್ದೆ ಬಟ್ಟೆ ಹಾಕಿದಳು. ನೆಂಟರು ದೋಣಿ ದಾಟಿಯೇ ಊಟಕ್ಕೆ ಹೋಗಬೇಕಿತ್ತು. ಈಗ ಏಳನೇ ಗೂಟ ಖಾಲಿಯಾಗಿತ್ತು. ಇವತ್ತು ಐದು ಗಂಟೆಯೊಳಗೆ ಪಾಸಾದರೆ ಅದು ಅವನದು. ಇಲ್ಲವಾದರೆ ಸರದಿಯಲ್ಲಿ ಮುಂದಿನವನಾದ ಸಲೂನಿನವನದು. ಸಲೂನಿನವನ ದೋಣಿಯೂ ಅಂಗಡಿಯಲ್ಲೇ ಇತ್ತು. ಗಿರಾಕಿಗಳು ಅದರಲ್ಲಿ ಕೂತು ಪೇಪರ್ ಓದುತ್ತ ಕಾಯುತ್ತಿದ್ದರು.

ಬೆಳಿಗ್ಗೆ ದೋಣಿ ಮನೆಯಿಂದ ಕೆರೆಗೆ ಹೊರಟಾಗ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದ್ದಳು: “ನೋಡಿ, ಇದು ಇನ್ನೊಂದು ಸಲ ಈ ಹೊಸಿಲು ದಾಟಿ ಒಳಗೆ ಬಂತೋ, ನಾನು ಆಚೆ ಹೋದೆ ಅಂತಲೇ ತಿಳ್ಕೊಳ್ಳಿ. ನಮ್ಮಕ್ಕನ ಮನೇಲಿ ನಡುಕೋಣೆ ಅಂದ್ರೆ ಸೋಫಾ ಇರುತ್ತೆ.”

ಕೆರೆ ಆಫೀಸಿನ ಗೋಡೆಯ ನೋಟೀಸು ಅವನಿಗೆ ಬಾಯಿಪಾಠವಾಗಿತ್ತು. ತಲೆಗೊಂದು ಜಾಕೆಟ್, ಸೀಟಿ, ಹಗ್ಗ, ಬಕೆಟ್, ಬೆಂಕಿ ಆರಿಸುವ ಸಿಲಿಂಡರ್. ಕೊನೆಯ ಸಾಲು: ತಪಾಸಣೆಯ ಹೊತ್ತಿಗೆ ದೋಣಿಯ ಹುಟ್ಟು ಹಿಡಿದವರ ಹೆಸರಿಗೇ ಗೂಟ. ತೀರಿಹೋದ ಅಜ್ಜಂದಿರ ಹೆಸರಿನಲ್ಲಿ ಗೂಟ ಇಟ್ಟುಕೊಳ್ಳುವವರ ಕಾಟ ತಾಳಲಾರದೆ ಮಾಡಿದ ನಿಯಮ. ಹೋದ ವರ್ಷ ಬೀಗದಂಗಡಿಯವನು ಕೈನೋವೆಂದು ಭಾಮೈದನಿಗೆ ಹುಟ್ಟು ಕೊಟ್ಟು ಗೂಟ ಕಳೆದುಕೊಂಡಾಗ, ದಂಡೆಯಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ನಕ್ಕವನು ಗಡಿಯಾರಪ್ಪನೇ.

ಹಗ್ಗ, ಬಕೆಟ್ ಇದ್ದವು. ಜಾಕೆಟ್ ಒಂದು ಉಳಿದಿತ್ತು. ದೋಣಿಯಲ್ಲಿ ತಾನೊಬ್ಬನೇ, ಸಾಕು. ಸೀಟಿ ಇಲ್ಲ. ಸಿಲಿಂಡರ್ ಎತ್ತಿ ನೋಡಿದರೆ ಅದರ ಮುಳ್ಳು ‘ಖಾಲಿ’ ಎನ್ನುವ ಕೆಂಪು ಗೆರೆಯ ಮೇಲೆ ಬಿದ್ದುಕೊಂಡಿತ್ತು. ದಿನವಿಡೀ ಮುಳ್ಳು ನೋಡುವವನಿಗೆ ಇದೊಂದು ಮುಳ್ಳು ಮಾತ್ರ ಕಂಡಿರಲಿಲ್ಲ.

ಗಡಿಯಾರಪ್ಪ ಪಕ್ಕದ ಮನೆಗೆ ಓಡಿದ. ಅಲ್ಲಿದ್ದವರು ನಿವೃತ್ತ ಡ್ರಿಲ್ ಮೇಷ್ಟ್ರು.

“ಸೀಟಿ ಕೊಡ್ತೀನಯ್ಯ, ಅದಕ್ಕೇನಂತೆ. ಆದ್ರೆ ಇಪ್ಪತ್ತೆಂಟು ವರ್ಷ ಈ ಸೀಟಿ ಬೇರೆ ಕೊರಳು ನೋಡಿಲ್ಲ.”

“ಹಾಗಂದ್ರೆ?”

“ಹಾಗಂದ್ರೆ ನಾನೂ ದೋಣೀಲಿ ಬರ್ತೀನಿ. ನಡಿ, ಎಡ ಬಲ, ಎಡ ಬಲ!”

ಈಗ ಇಬ್ಬರು ಜನ, ಒಂದು ಜಾಕೆಟ್. ಸಮಯ ಮೂರು.

ಸಿಲಿಂಡರ್ ಇದ್ದದ್ದು ಟೈಲರಕ್ಕನ ಅಂಗಡಿಯಲ್ಲಿ. ಆಕೆ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಕೇಳಿದಳು: “ಸುತ್ತ ನೀರೇ ಇರೋವಾಗ ಬೆಂಕಿ ಆರಿಸೋಕೆ ಸಿಲಿಂಡರ್ ಯಾಕಪ್ಪ?”

“ನಿಯಮ ಅಕ್ಕ. ಒಂದು ಗಂಟೆ ಮಟ್ಟಿಗೆ.”

“ಹೋದ ಸಲ ಒಂದು ಗಂಟೆ ಅಂತ ಕತ್ತರಿ ಒಯ್ದವರು ಇವತ್ತಿಗೂ ಗಂಟೆ ಎಣಿಸ್ತಾ ಇದಾರೆ. ಇದು ಎಲ್ಲಿಗೋ ನಾನೂ ಅಲ್ಲಿಗೆ.” ಮಗುವನ್ನು ಎತ್ತಿಕೊಂಡಂತೆ ಸಿಲಿಂಡರನ್ನು ಸೊಂಟಕ್ಕೇರಿಸಿ ಆಕೆ ಹೊರಟೇಬಿಟ್ಟಳು.

ಮೂವರು ಜನ, ಒಂದು ಜಾಕೆಟ್. ಗಡಿಯಾರಪ್ಪನ ಎದೆ ಎರಡೆರಡು ಸೆಕೆಂಡು ಹಾರಿಸಿ ಬಡಿಯತೊಡಗಿತು. ಒಂದು ವಸ್ತು ಸಿಕ್ಕಿದಾಗಲೆಲ್ಲ ಒಂದು ತಲೆ ಹೆಚ್ಚುತ್ತಿತ್ತು. ತಲೆ ಹೆಚ್ಚಿದಾಗಲೆಲ್ಲ ಒಂದು ಜಾಕೆಟ್ ಕಡಿಮೆ ಬೀಳುತ್ತಿತ್ತು.

ದಂಡೆ ತಲುಪುವಾಗ ನಾಲ್ಕೂಕಾಲು. ಅಲ್ಲಿ ಏಳನೇ ಗೂಟಕ್ಕೆ ಒರಗಿಕೊಂಡು ಸಲೂನಿನವನು ನಿಂತಿದ್ದ. ಮೈಮೇಲೆ ಒಂದು ಜಾಕೆಟ್, ಕೈಯಲ್ಲಿ ಇನ್ನೆರಡು.

“ಜಾಕೆಟ್ ಕಡಿಮೆ ಬಿತ್ತಂತಲ್ಲ ಅಣ್ಣಾ? ತಗೊಳ್ಳಿ. ನಾನೂ ಜೊತೇಲಿ ಕೂತಿರ್ತೀನಿ, ನನ್ನ ಸಾಮಾನು ಕಣ್ಣೆದುರಿಗಿರಲಿ.”

“ನಾನು ಫೇಲಾದ್ರೆ ಗೂಟ ನಿಂಗೆ ಕಣಯ್ಯ. ನಿಂಗ್ಯಾಕೆ ಇಷ್ಟು ಕಾಳಜಿ?”

“ಆರು ವರ್ಷ ಒಂದೇ ಸರದೀಲಿ ನಿಂತಿದ್ದೀವಿ. ಅಷ್ಟೂ ಬೇಡ್ವಾ ಅಣ್ಣಾ?”

ಅನುಮಾನಪಡಲು ಹೊತ್ತಿರಲಿಲ್ಲ. ನಾಲ್ವರು ಜನ, ನಾಲ್ಕು ಜಾಕೆಟ್! ಗಡಿಯಾರಪ್ಪ ಹುಟ್ಟು ಹಿಡಿದು ಕೂತ.

ತಪಾಸಣೆ ಸಾಹೇಬರು ಬಂದದ್ದು ನಾಲ್ಕೂ ನಲವತ್ತಕ್ಕೆ. ಹಗ್ಗ ಎಳೆದು ನೋಡಿದರು, ಬಕೆಟ್ಟಿನ ತಳ ಬಡಿದರು, ಸಿಲಿಂಡರಿನ ಮುಳ್ಳು ನೋಡಿ ತಲೆದೂಗಿದರು. ಆಮೇಲೆ ಪ್ಯಾಂಟು ಮಡಚಿ ದೋಣಿಗೆ ಕಾಲಿಟ್ಟರು.

“ನೀವೂ ಬರ್ತೀರಾ ಸಾರ್?” ಗಡಿಯಾರಪ್ಪ ಕಿರುಚಿದ.

“ಮತ್ತೆ? ಹತ್ತು ಮಾರು ನೀರಿಗೆ ಹೋಗಿ ಸೀಟಿ ಊದಿ ನೋಡ್ಬೇಕು. ಎಷ್ಟು ತಲೆ? ಒಂದು, ಎರಡು... ನಂದೂ ಸೇರಿ ಐದು. ಜಾಕೆಟ್ ನಾಲ್ಕು.” ಅವರು ಪೆನ್ನಿನ ಮುಚ್ಚಳ ತೆಗೆದರು. “ಫೇಲ್ ಅಂತ ಬರೀಲಾ?”

“ಒಂದು ನಿಮಿಷ ಸಾರ್! ಮೇಷ್ಟ್ರೇ, ನೀವು ಸ್ವಲ್ಪ ಇಳೀತೀರಾ?”

“ಸೀಟಿ ಇಳಿದ್ರೆ ನಾನೂ ಇಳೀತೀನಿ.”

“ಟೈಲರಕ್ಕಾ?”

ಆಕೆ ಸಿಲಿಂಡರನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು.

ಸಲೂನಿನವನು ಮಾತ್ರ ಎದ್ದೇ ನಿಂತ. “ನಾನು ಇಳೀತೀನಿ ಅಣ್ಣಾ. ಆದ್ರೆ ಮೂರು ಜಾಕೆಟ್ಟೂ ನಂದೇ ತಾನೆ, ನನ್ನ ಜೊತೆ ಅವೂ ಇಳೀಬೇಕಾಗುತ್ತೆ.”

ನಾಲ್ಕೂ ಐವತ್ತೊಂದು. ಗಡಿಯಾರಪ್ಪನ ಕಣ್ಣೆದುರು ಈರುಳ್ಳಿ ಹರಡಿದ ದೋಣಿ, ಪೆಟ್ಟಿಗೆ ಹಿಡಿದ ಹೆಂಡತಿ ಒಟ್ಟಿಗೆ ತೇಲಿಬಂದರು. ಅಷ್ಟರಲ್ಲಿ ತಲೆಯಲ್ಲಿ ದೀಪ ಹೊತ್ತಿತು. ದೋಣಿ ಪಾಸಾದರೆ ಸಾಕು, ತಾನೇ ಅದರಲ್ಲಿರಬೇಕೆಂದೇನು?

“ತಗೊಳ್ಳಿ ಸಾರ್, ನನ್ನ ಜಾಕೆಟ್ ಹಾಕ್ಕೊಳ್ಳಿ. ನಾನೇ ಇಳೀತೀನಿ. ಲೆಕ್ಕ ಸರಿಹೋಯ್ತಲ್ಲ? ಲೋ, ಇದನ್ನ ಸ್ವಲ್ಪ ಹಿಡ್ಕೋ.” ಹುಟ್ಟನ್ನು ಸಲೂನಿನವನ ಕೈಗಿಟ್ಟು ಅವನು ದಂಡೆಗೆ ಹಾರಿದ.

ದೋಣಿ ಹಂಸದಂತೆ ತೇಲಿತು. ಒಂದು ಮಾರು, ಮೂರು ಮಾರು, ಆರು ಮಾರು. ಗಡಿಯಾರಪ್ಪ ಸೊಂಟದ ಮೇಲೆ ಕೈಯಿಟ್ಟು ನಕ್ಕ. ನಗುತ್ತಿದ್ದಂತೆ, ಹೋದ ವರ್ಷ ಇದೇ ಜಾಗದಲ್ಲಿ ನಿಂತು ನಕ್ಕದ್ದು ನೆನಪಾಯಿತು. ಯಾಕೆ ನಕ್ಕದ್ದೆಂಬುದೂ ನೆನಪಾಯಿತು.

“ಸಾರ್! ಹುಟ್ಟು! ಹುಟ್ಟು ನಂದು! ಬರೀಬೇಡಿ ಸಾರ್!”

ಅದೇ ಹೊತ್ತಿಗೆ ಮೇಷ್ಟ್ರು ಸೀಟಿ ಊದಿದರು. ಇಪ್ಪತ್ತೆಂಟು ವರ್ಷದ ಉಸಿರು ಅದು. ಗಡಿಯಾರಪ್ಪನ ಕೂಗು ಅವನ ಕಿವಿಗೇ ಕೇಳಿಸಲಿಲ್ಲ. ದೂರದಲ್ಲಿ ಸಾಹೇಬರು ಏನೋ ಕೇಳಿದ್ದು, ಸಲೂನಿನವನು ವಿನಯದಿಂದ ಉತ್ತರಿಸಿದ್ದು, ಪೆನ್ನು ಆಡಿದ್ದು ಮಾತ್ರ ಕಂಡಿತು. ಹೆಸರು ಹೇಳಲು ಅಷ್ಟು ಹೊತ್ತು ಬೇಕಿಲ್ಲ; ತಂದೆಯ ಹೆಸರನ್ನೂ ಸೇರಿಸಿರಬೇಕು.

ದೋಣಿ ದಂಡೆಗೆ ಬಂದಾಗ ಸರಿಯಾಗಿ ಐದು.

“ಎಲ್ಲಾ ಸಲಕರಣೆ ಅಚ್ಚುಕಟ್ಟು. ಪಾಸ್,” ಎಂದರು ಸಾಹೇಬರು. “ಹುಟ್ಟು ಹಿಡಿದವರು ಇವರು. ಏಳನೇ ಗೂಟ ಇವರದು. ಬರೆದಾಯ್ತು, ಪುಸ್ತಕ ಮುಚ್ಚಿದೆ.” ಅವರು ಅವಸರದಲ್ಲಿ ಸ್ಕೂಟರ್ ಹತ್ತಿ ಹೋದರು.

“ಬೇಜಾರು ಮಾಡ್ಕೋಬೇಡಿ ಅಣ್ಣಾ,” ಮೇಷ್ಟ್ರು, ಟೈಲರಕ್ಕ ಬಿಚ್ಚಿಕೊಟ್ಟ ಎರಡು ಜಾಕೆಟ್ ಮಡಚುತ್ತ ಸಲೂನಿನವನು ಹೇಳಿದ. “ಈಗ ಸರದೀಲಿ ನೀವೇ ಮೊದಲು. ನಾನು ಹೋಗಿ ನನ್ನ ದೋಣಿ ತರ್ತೀನಿ, ಒಬ್ಬ ಗಿರಾಕಿ ಅದ್ರಲ್ಲೇ ಕೂತಿದ್ದಾನೆ.”

ಮುಂದಿನ ತುದಿಗೆ ಮೇಷ್ಟ್ರು, ಹಿಂದೆ ಗಡಿಯಾರಪ್ಪ, ಪಕ್ಕದಲ್ಲಿ ಸಿಲಿಂಡರ್ ಹೊತ್ತ ಟೈಲರಕ್ಕ. ಸೀಟಿಯ ತಾಳಕ್ಕೆ ಎಡ ಬಲ ಹಾಕುತ್ತ ದೋಣಿ ಮನೆ ತಲುಪಿತು. ನಡುಕೋಣೆಯನ್ನು ಗುಡಿಸಿ ಒರೆಸಿ, ಕನ್ನಡಿಯಂತೆ ಮಾಡಿಟ್ಟಿದ್ದ ಹೆಂಡತಿ ಬಾಗಿಲಿಗೆ ಬಂದಳು. ದೋಣಿ ನೋಡಿದಳು. ಗಂಡನನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ರೀ, ಜೀವ ಉಳಿಸೋ ಜಾಕೆಟ್ ಅಂತ ಒಂದಿತ್ತಲ್ಲ, ಅದನ್ನ ಹಾಕ್ಕೊಂಡು ಒಳಗೆ ಬನ್ನಿ.”

ಗಡಿಯಾರಪ್ಪ ಎದೆ ತಡವಿಕೊಂಡ. ಜಾಕೆಟ್ ಸಾಹೇಬರ ಮೈಮೇಲೆಯೇ ಸ್ಕೂಟರ್ ಹತ್ತಿ ಹೋಗಿತ್ತು.